ಬೈಸನ್ ಬೀಳುವ ಮುಂಚೆ, ಬಿದ್ದ ಮೇಲೆ

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನರ ಬಗ್ಗೆ ಎಲ್ಲೇ ಓದಲಿ, ಒಂದು ಚಿತ್ರ ತಪ್ಪದೆ ಎದುರಾಗುತ್ತದೆ. ಕಡಿದಾದ ಬಂಡೆಯ ಅಂಚು, ಅಲ್ಲಿಂದ ಒಂದರ ಮೇಲೊಂದು ಉರುಳುವ ಬೈಸನ್ ಹಿಂಡು, ಕೆಳಗೆ ಈಟಿ ಹಿಡಿದು ನಿಂತ ಗಂಡಸರು. ಚಿತ್ರ ಸುಳ್ಳೇನಲ್ಲ. ಆದರೂ ನೋಡಿದಾಗಲೆಲ್ಲ ನನಗೆ ಕಸಿವಿಸಿ. ಬೀಳುವುದು ಕೆಲವೇ ನಿಮಿಷದ ಮಾತು. ಅದಕ್ಕೆ ಮುಂಚೆ ದಿನಗಟ್ಟಲೆ ನಡೆದ ತಯಾರಿ, ಆಮೇಲೆ ಹಗಲೂ ರಾತ್ರಿ ನಡೆದ ದುಡಿಮೆ ಎರಡೂ ಚೌಕಟ್ಟಿನ ಆಚೆಯೇ ಉಳಿದುಬಿಡುತ್ತವೆ. ಹಿಂಡನ್ನು ಬೆದರಿಸಿ ಓಡಿಸಿ, ಸಿಕ್ಕಷ್ಟು ತಿಂದು, ಮುಂದಿನ ಬಯಲಿಗೆ ಹೋದ ಅಲೆಮಾರಿಗಳು ಎಂಬ ಅಭಿಪ್ರಾಯ ಓದುಗರ ಮನಸ್ಸಿನಲ್ಲಿ ಸಲೀಸಾಗಿ ಬೇರೂರುವುದು ಹೀಗೆ. ಆ ಬಂಡೆಯ ಸುತ್ತ ನಡೆಯುತ್ತಿದ್ದ ಕೆಲಸವನ್ನು ಹಂತಹಂತವಾಗಿ ನೋಡಿದರೆ ಬಂಡೆಯೇ ಅದರಲ್ಲಿ ತೀರ ಚಿಕ್ಕ ಭಾಗ.

ಒಟ್ಟಾಗಿ ಇವರು ತಮ್ಮನ್ನು ನೀಟ್ಸಿಟಾಪಿ ಎಂದು ಕರೆದುಕೊಳ್ಳುತ್ತಾರೆ. ಸಿಕ್ಸಿಕಾ, ಕೈನಾಯ್, ಪಿಕಾನಿ ಎಂಬ ಮೂರು ಬಣ. ಪಿಕಾನಿಗಳಲ್ಲಿ ಉತ್ತರದವರು ಇಂದಿನ ಕೆನಡಾದ ಆಲ್ಬರ್ಟಾದಲ್ಲಿದ್ದಾರೆ, ದಕ್ಷಿಣದವರು ಗಡಿ ದಾಟಿದರೆ ಸಿಗುವ ಅಮೆರಿಕದ ಮೊಂಟಾನಾದಲ್ಲಿ. ಎಲ್ಲರ ಭಾಷೆಯೂ ಒಂದೇ. ಉತ್ತರಕ್ಕೆ ನಾರ್ತ್ ಸಸ್ಕ್ಯಾಚೆವಾನ್ ನದಿ, ದಕ್ಷಿಣಕ್ಕೆ ಯೆಲ್ಲೋಸ್ಟೋನ್ ನದಿ, ಪಶ್ಚಿಮಕ್ಕೆ ರಾಕಿ ಪರ್ವತ, ಪೂರ್ವಕ್ಕೆ ಗ್ರೇಟ್ ಸ್ಯಾಂಡ್ ಹಿಲ್ಸ್ ಎಂಬ ಮರಳು ದಿಬ್ಬಗಳು, ಇಷ್ಟು ಅವರ ನೆಲ. ಸತ್ತವರು ಹೋಗಿ ನೆಲೆಸುವುದೂ ಆ ಮರಳು ದಿಬ್ಬಗಳಲ್ಲೇ ಎಂಬುದು ಅವರ ನಂಬಿಕೆ. ಅಂದ ಹಾಗೆ, ನಮ್ಮ ಬಂಡೀಪುರ, ನಾಗರಹೊಳೆಯ ಕಾಟಿಯನ್ನೂ ಬೈಸನ್ ಎನ್ನುವ ರೂಢಿ ಇದೆ. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಹುಲ್ಲುಗಾವಲಿನಲ್ಲಿ ದೊಡ್ಡ ಹಿಂಡಾಗಿ ಮೇಯುವ, ಹೆಗಲ ಮೇಲೆ ಎತ್ತರದ ಡುಬ್ಬ ಇರುವ, ಕತ್ತಿನಿಂದ ಮುಂಗಾಲಿನವರೆಗೆ ಜೋಲು ಕೂದಲಿನ ಉತ್ತರ ಅಮೆರಿಕದ ಪ್ರಾಣಿ ಇದು.

ಗಾಳಿ, ಕಲ್ಲುಗುಪ್ಪೆ, ಕರುವಿನ ಕೂಗು

ಇಂಥ ಬಂಡೆಗಳಲ್ಲಿ ಹೆಸರಾದದ್ದು ಆಲ್ಬರ್ಟಾದ ಫೋರ್ಟ್ ಮಕ್ಲೌಡ್ ಊರಿನ ಹತ್ತಿರ, ಪೋರ್ಕ್ಯುಪೈನ್ ಹಿಲ್ಸ್ ಗುಡ್ಡಸಾಲಿನ ಅಂಚಿನಲ್ಲಿರುವ ಹೆಡ್-ಸ್ಮ್ಯಾಶ್ಡ್-ಇನ್. ಬೀಳುವ ಹಿಂಡನ್ನು ಬಂಡೆಯ ಬುಡದಲ್ಲೇ ನಿಂತು ನೋಡಬೇಕೆಂದು ಹೋದ ಹುಡುಗನೊಬ್ಬ ರಾಶಿಯ ಅಡಿಯಲ್ಲಿ ಸಿಕ್ಕಿ ತಲೆ ಜಜ್ಜಿಹೋಗಿ ಸತ್ತ ಎಂಬ ಕಥೆಯಿಂದ ಆ ಹೆಸರು ಬಂತು. 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಸುಮಾರು 300 ಮೀಟರ್ ಉದ್ದದ ಮರಳುಗಲ್ಲಿನ ಅಂಚು ಅದು. ಇಂದು ನಿಂತು ನೋಡಿದರೆ ಎತ್ತರ ಹತ್ತು ಮೀಟರ್ ಆಸುಪಾಸು ಅಷ್ಟೇ, ಇಷ್ಟರಿಂದ ಬಿದ್ದರೆ ಸಾಯುತ್ತವೆಯೇ ಎಂದು ಅನುಮಾನ ಬರುವಷ್ಟು. ಕಾರಣ, ಬುಡದಲ್ಲಿ ಮೂಳೆ, ಮಣ್ಣು, ಬಾಣದ ಮೊನೆಗಳು ಪದರ ಪದರವಾಗಿ ಸುಮಾರು ಹತ್ತು ಮೀಟರ್ ಆಳಕ್ಕೆ ತುಂಬಿಕೊಂಡಿವೆ. ಐದೂವರೆ ಸಾವಿರ ವರ್ಷಕ್ಕೂ ಹಿಂದೆ ಶುರುವಾದ ಬಳಕೆ ಹತ್ತೊಂಬತ್ತನೆಯ ಶತಮಾನದವರೆಗೂ ನಡೆದದ್ದರ ಗುರುತು ಅದು.

ಬಯಲಿನಲ್ಲಿ ಬಂಡೆಯ ಅಂಚುಗಳಿಗೇನೂ ಬರವಿಲ್ಲ. ಆದರೆ ಈ ಕೆಲಸಕ್ಕೆ ಒದಗುವಂಥದು ಅಪರೂಪ. ಮೊದಲು, ಅಂಚಿನ ಹಿಂದೆ ಹಿಂಡು ತಾನಾಗಿ ಬಂದು ಮೇಯುವ ಜಾಗ ಇರಬೇಕು. ಹೆಡ್-ಸ್ಮ್ಯಾಶ್ಡ್-ಇನ್‌ನ ಪಶ್ಚಿಮಕ್ಕೆ ಸುಮಾರು 40 ಚದರ ಕಿಲೋಮೀಟರಿನ ಬೋಗುಣಿಯಂಥ ತಗ್ಗಿದೆ, ನೀರೂ ಹುಲ್ಲೂ ಧಾರಾಳ. ಎರಡನೆಯದು, ಓಡಿ ಬರುವ ಪ್ರಾಣಿಗೆ ಅಂಚು ಕೊನೆಯ ಗಳಿಗೆಯವರೆಗೆ ಕಾಣಬಾರದು. ನೆಲ ಒಂಚೂರು ಏರಿ ಆಮೇಲೆ ತಟ್ಟನೆ ಮುಗಿಯಬೇಕು. ಮೂರನೆಯದು ಗಾಳಿ. ಬೈಸನ್ನಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಪಶ್ಚಿಮದಿಂದ, ಹಿಂಡು ಓಡಬೇಕಾದದ್ದು ಪೂರ್ವಕ್ಕೆ. ಆದ್ದರಿಂದ ಬಂಡೆಯ ಬುಡದಲ್ಲಿ ಬೀಡುಬಿಟ್ಟವರ ಬೆಂಕಿಯ ವಾಸನೆ ಹಿಂಡಿನ ಕಡೆಗೆ ಹೋಗುವುದಿಲ್ಲ, ಹಿಂದಿನಿಂದ ಅಟ್ಟುವವರ ವಾಸನೆ ಮಾತ್ರ ಸರಿಯಾಗಿ ತಲುಪಿ ಹಿಂಡನ್ನು ಮುಂದಕ್ಕೆ ತಳ್ಳುತ್ತದೆ. ಗಾಳಿ ತಿರುಗಿತೆಂದರೆ ಆ ದಿನದ ಕೆಲಸ ಕೆಟ್ಟಂತೆ.

ತಗ್ಗಿನಿಂದ ಅಂಚಿನ ಕಡೆಗೆ ಕಲ್ಲುಗುಪ್ಪೆಗಳ ಸಾಲುಗಳು ಕಿಲೋಮೀಟರುಗಟ್ಟಲೆ ಹಬ್ಬಿವೆ. ಅವನ್ನು ಗೋಡೆಯೆಂದು ಊಹಿಸಬೇಡಿ. ಒಂದೊಂದು ಗುಪ್ಪೆಯೂ ಮೊಣಕಾಲಿಗಿಂತ ಕೆಳಗೆ, ಒಂದರಿಂದ ಇನ್ನೊಂದಕ್ಕೆ ಹಲವು ಹೆಜ್ಜೆ ಅಂತರ. ಅವುಗಳಲ್ಲಿ ಗಾಳಿಗೆ ಅಲ್ಲಾಡುವಂತೆ ಪೊದೆಯ ಕೊಂಬೆ ಸಿಗಿಸುತ್ತಿದ್ದರು. ಅಗಲವಾಗಿ ಶುರುವಾದ ದಾರಿ ಅಂಚು ಹತ್ತಿರವಾದಂತೆ ಕಿರಿದಾಗುತ್ತ ಬರುತ್ತದೆ. ಎಲ್ಲಿ ಹಿಂಡು ಪಕ್ಕಕ್ಕೆ ತಿರುಗುವ ಸಂಭವ ಇದೆಯೋ ಅಲ್ಲಿ ಗುಪ್ಪೆಗಳ ಹಿಂದೆ ಜನ ಅಡಗಿ ಕೂತಿದ್ದು, ಸಮಯ ಬಂದಾಗ ಎದ್ದು ಚರ್ಮದ ಹೊದಿಕೆ ಬೀಸಿ ಕೂಗುತ್ತಿದ್ದರು. ಕಲ್ಲು ಪ್ರಾಣಿಯನ್ನು ತಡೆಯುವುದಿಲ್ಲ. ಹೆದರಿದ ಪ್ರಾಣಿಯ ಕಣ್ಣಿಗೆ ಅಲ್ಲೊಂದು ಗೆರೆ ಇದೆ ಎನ್ನಿಸಿದರೆ ಸಾಕು.

ಇಷ್ಟೆಲ್ಲ ಇದ್ದೂ ಹಿಂಡನ್ನು ಆ ದಾರಿಯ ಬಾಯಿಗೆ ತರುವುದೇ ಕಷ್ಟದ ಕೆಲಸ. ಅದಕ್ಕೆಂದೇ ಚಿಕ್ಕಂದಿನಿಂದ ಪಳಗಿದ ತರುಣರಿದ್ದರು. ಒಬ್ಬ ಬೈಸನ್ ಕರುವಿನ ತೊಗಲು ಹೊದ್ದು, ತಾಯಿ ತಪ್ಪಿಸಿಕೊಂಡ ಕರುವಿನ ಹಾಗೆ ಕೂಗುತ್ತ ಹಿಂಡಿನ ಮುಂದೆ ಕುಂಟುತ್ತಾನೆ. ಇನ್ನಿಬ್ಬರು ಮೂವರು ತೋಳದ ತೊಗಲು ಹೊದ್ದು ಹಿಂಬದಿಯಲ್ಲಿ ನಾಲ್ಕು ಕಾಲಿನಲ್ಲಿ ಸುಳಿದಾಡುತ್ತಾರೆ. ತೋಳ ಕಂಡರೆ ಬೈಸನ್ ದಿಕ್ಕಾಪಾಲಾಗಿ ಓಡುವುದಿಲ್ಲ, ತೋಳ ಅದಕ್ಕೆ ದಿನನಿತ್ಯದ ನೆರೆ. ಒಂಚೂರು ಸರಿದು ನಿಲ್ಲುತ್ತದೆ, ಅಷ್ಟೇ. ಹಿಂಡನ್ನು ನಡೆಸುವ ಹೆಣ್ಣು ಬೈಸನ್ ಕರುವಿನ ಕೂಗಿನತ್ತ ನಾಲ್ಕು ಹೆಜ್ಜೆ ಹಾಕುತ್ತದೆ, ಉಳಿದವು ಹಿಂಬಾಲಿಸುತ್ತವೆ. ಹೀಗೆ ಸರಿಸುತ್ತ ಸರಿಸುತ್ತ ದಿನಗಳೇ ಹಿಡಿಯುತ್ತಿದ್ದವು. ಹೊರಡುವ ಮುಂಚೆ ತರುಣರು ಸುವಾಸನೆಯ ಹುಲ್ಲು, ಸೇಜ್ ಗಿಡ ಸುಟ್ಟ ಹೊಗೆಯಲ್ಲಿ ಮೈಯೊಡ್ಡುತ್ತಿದ್ದರು. ಅದು ಶುದ್ಧಿಯ ವಿಧಿಯೂ ಹೌದು, ಮನುಷ್ಯರ ವಾಸನೆ ಮುಚ್ಚುವ ಉಪಾಯವೂ ಹೌದು. ಇವೆರಡನ್ನು ಬೇರ್ಪಡಿಸಿ ನೋಡುವ ಅಗತ್ಯ ಅವರಿಗಿರಲಿಲ್ಲ.

ಓಟ ಶುರುವಾಗುವುದು ಕೊನೆಯ ಅರ್ಧ ಮೈಲಿಯಲ್ಲಿ. ಹಿಂದಿನಿಂದ ಎಲ್ಲರೂ ಏಕಕಾಲಕ್ಕೆ ಎದ್ದು ಕೂಗುತ್ತಾರೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಹಿಂಡಿನ ಮುಂದಿನವು ಅಂಚು ಕಂಡು ನಿಲ್ಲಬೇಕೆಂದರೂ ಹಿಂದಿನವು ನಿಲ್ಲಗೊಡುವುದಿಲ್ಲ. ಕರುವಿನ ವೇಷದವನು ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳಬೇಕು. ಕೆಟ್ಟುಹೋಗುವ ದಾರಿಗಳು ಹಲವು. ಸಾಲಿನಲ್ಲಿ ಅಡಗಿದವನೊಬ್ಬ ಬೇಗ ಎದ್ದರೆ ಹಿಂಡು ಅವನ ಎದುರು ಸಾಲಿನ ಮೇಲೆ ನುಗ್ಗುತ್ತದೆ, ಅಲ್ಲಿದ್ದವರು ತುಳಿತಕ್ಕೆ ಸಿಕ್ಕುತ್ತಾರೆ. ತಾಳ್ಮೆಗೆಟ್ಟ ಬೇಟೆಗಾರ ಒಬ್ಬನೇ ಹೋಗಿ ಒಂದು ಪ್ರಾಣಿಯನ್ನು ಹೊಡೆದರೆ ಇಡೀ ತಗ್ಗು ಖಾಲಿಯಾಗುತ್ತದೆ. ಅದಕ್ಕೇ ಸಾಮೂಹಿಕ ಬೇಟೆಯ ಕಾಲದಲ್ಲಿ ಒಂಟಿ ಬೇಟೆ ನಿಷಿದ್ಧ. ಮೀರಿದವನ ಬಟ್ಟೆ ಹರಿದು, ಆಯುಧ ಮುರಿದು ಶಿಕ್ಷಿಸುವ ಅಧಿಕಾರ ಯೋಧರ ಸಂಘಗಳಿಗಿತ್ತು.

ಕೊಬ್ಬಿನ ಲೆಕ್ಕ

ಯಾವಾಗ ಅಟ್ಟಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ಕೊಬ್ಬು. ನೇರ ಮಾಂಸವನ್ನಷ್ಟೇ ತಿಂದು ಮನುಷ್ಯ ಬಹಳ ದಿನ ಬದುಕಲಾರ. ಹೊಟ್ಟೆ ತುಂಬಿದರೂ ಶಕ್ತಿ ಇಳಿಯುತ್ತ ಹೋಗಿ, ಭೇದಿ ಹತ್ತಿ, ವಾರಗಳಲ್ಲೇ ಕುಸಿಯುತ್ತಾನೆ. ಯಕೃತ್ತು ದಿನಕ್ಕೆ ಅರಗಿಸಬಲ್ಲ ಪ್ರೊಟೀನಿಗೆ ಒಂದು ಮಿತಿ ಇದೆ. ಧಾನ್ಯ ಬೆಳೆಯದ, ಚಳಿಗಾಲದಲ್ಲಿ ಪಾದರಸ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಸೀಮೆಯಲ್ಲಿ ಉಳಿದ ಶಕ್ತಿ ಬರಬೇಕಾದದ್ದು ಕೊಬ್ಬಿನಿಂದಲೇ. ಬೈಸನ್ ಗಂಡುಗಳು ಬೇಸಿಗೆಯ ಕೊನೆಯ ಬೆದೆಗಾಲದಲ್ಲಿ ಮೇವು ಬಿಟ್ಟು ಕಾದಾಡಿ ಸೊರಗುತ್ತವೆ, ಆಗ ಅವುಗಳ ಮಾಂಸಕ್ಕೆ ಗಟ್ಟಿತನವೇ ಹೆಚ್ಚು. ಹೆಣ್ಣುಗಳು ಅದೇ ಹೊತ್ತಿಗೆ ಬೇಸಿಗೆಯ ಹುಲ್ಲು ಮೇದು ಮೈತುಂಬಿಕೊಂಡಿರುತ್ತವೆ. ಹಾಗಾಗಿ ಶರತ್ಕಾಲದಲ್ಲಿ ಹೆಣ್ಣು ಮತ್ತು ಕರುಗಳ ಹಿಂಡು ಬೇಕು. ವಸಂತದಲ್ಲಿ ಲೆಕ್ಕ ತಿರುಗುಮುರುಗು, ಗಬ್ಬದ ಹೆಣ್ಣು ಬಡಕಲು, ಗಂಡೇ ವಾಸಿ. ಹುಲ್ಲೂ ಇದಕ್ಕೆ ಹೊಂದಿಕೊಳ್ಳುತ್ತದೆ. ಗುಡ್ಡದ ತಪ್ಪಲಿನ ಫೆಸ್ಕ್ಯೂ ಹುಲ್ಲು ಒಣಗಿ ನಿಂತರೂ ಸತ್ವ ಉಳಿಸಿಕೊಳ್ಳುವುದರಿಂದ ಚಳಿ ಹತ್ತಿರವಾದಂತೆ ಹಿಂಡುಗಳು ತಾವಾಗಿ ಬಯಲು ಬಿಟ್ಟು ಬಂಡೆಗಳ ಕಡೆಗೆ ಸರಿಯುತ್ತಿದ್ದವು.

ಕೆಳಗೆ ಬಿದ್ದ ರಾಶಿಯ ಮುಂದೆ ಸಂಭ್ರಮಕ್ಕೆ ಹೊತ್ತಿರಲಿಲ್ಲ. ಬೈಸನ್ನಿನ ದಟ್ಟ ತುಪ್ಪಳ ಸತ್ತ ಮೇಲೂ ಮೈಯ ಕಾವನ್ನು ಹಿಡಿದಿಡುತ್ತದೆ. ಬೇಗ ಹೊಟ್ಟೆ ಬಗೆದು ತೊಗಲು ಬಿಡಿಸದಿದ್ದರೆ ಮೂಳೆಯ ಸುತ್ತಲಿನ ಮಾಂಸ ಒಳಗಿನಿಂದಲೇ ಹಳಸುತ್ತದೆ. ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡವನ್ನು ಎಳೆಯಲಾಗದೆ ಬಿಡಬೇಕಾಗುತ್ತಿದ್ದುದೂ ಉಂಟು. ಒಂದು ಪ್ರಾಣಿಯನ್ನೂ ಬದುಕಿ ಹೋಗಗೊಡುತ್ತಿರಲಿಲ್ಲ, ತಪ್ಪಿಸಿಕೊಂಡದ್ದು ಉಳಿದ ಹಿಂಡುಗಳಿಗೆ ಈ ಜಾಗದ ಸುದ್ದಿ ಮುಟ್ಟಿಸುತ್ತದೆ ಎಂಬ ನಂಬಿಕೆ. ಯಕೃತ್ತು, ಮೂತ್ರಪಿಂಡ ಅಲ್ಲೇ ಹಸಿಯಾಗಿ ತಿನ್ನುವಂಥವು. ನಾಲಿಗೆ ಮತ್ತು ಡುಬ್ಬದ ಮಾಂಸಕ್ಕೆ ಬೆಲೆ ಹೆಚ್ಚು. ನಾಲಿಗೆಗಳನ್ನು ಒಣಗಿಸಿ ಬೇಸಿಗೆಯ ಸೂರ್ಯನೃತ್ಯದ ವಿಧಿಗೆ ಎತ್ತಿಡುತ್ತಿದ್ದರು.

ಇಲ್ಲಿಂದ ಮುಂದಿನದೆಲ್ಲ ಬಹುಪಾಲು ಹೆಂಗಸರ ಕೆಲಸ, ಬೇಟೆಯ ಚಿತ್ರಗಳಲ್ಲಿ ಒಮ್ಮೆಯೂ ಕಾಣದ ಕೆಲಸ. ಮಾಂಸದ ತುಂಡನ್ನು ಚೂಪುಗಲ್ಲಿನಿಂದ ಸುರುಳಿ ಬಿಚ್ಚಿದಂತೆ ಸೀಳುತ್ತ ತೆಳು ಹಾಳೆ ಮಾಡಬೇಕು. ದಪ್ಪ ಉಳಿದರೆ ಹೊರಗೆ ಗರಿಗಟ್ಟಿ ಒಳಗೆ ಕೊಳೆಯುತ್ತದೆ. ಕೊಬ್ಬು ಅಂಟಿಕೊಂಡಿದ್ದರೆ ಕಮಟು ಹಿಡಿಯುತ್ತದೆ. ಗಳುಗಳ ಮೇಲೆ ಬಿಸಿಲಿಗೂ ಗಾಳಿಗೂ ಹರವಿ, ಕೆಳಗೆ ನೊಣ ಓಡಿಸಲು ಹೊಗೆ ಹಾಕಿ, ಮಳೆ ಬಂದರೆ ಮುಚ್ಚಿ, ಎರಡು ಮೂರು ದಿನ ಕಾಯಬೇಕು. ಮಾಂಸದ ಮುಕ್ಕಾಲು ಭಾಗ ನೀರೇ ಆದ್ದರಿಂದ ನೂರು ಕಿಲೋ ಹಸಿಮಾಂಸ ಒಣಗಿದಾಗ ಕಾಲು ಭಾಗದಷ್ಟು ಉಳಿಯುತ್ತದೆ. ಮೋಟಾರಿಲ್ಲದ, ಕುದುರೆಯೂ ಇಲ್ಲದ ಕಾಲದಲ್ಲಿ ನಾಯಿಯ ಬೆನ್ನಿಗೆ ಕಟ್ಟಿ ಒಯ್ಯಬೇಕಾದವರಿಗೆ ಇದು ಜೀವನ್ಮರಣದ ವ್ಯತ್ಯಾಸ.

ಎಲ್ಲಕ್ಕಿಂತ ಶ್ರಮದ್ದು ಮೂಳೆಯಿಂದ ಕೊಬ್ಬು ತೆಗೆಯುವುದು. ಉದ್ದ ಮೂಳೆ ಒಡೆದರೆ ಮಜ್ಜೆ ಸಿಗುತ್ತದೆ, ಅದು ಸುಲಭ. ಕೀಲಿನ ಗಂಟುಗಳ ಒಳಗಿನ ಜಾಲರಿಯಲ್ಲಿ ಅಡಗಿರುವ ಕೊಬ್ಬು ಮಾತ್ರ ಜಜ್ಜಿ ಕುದಿಸಿದರಷ್ಟೇ ಬರುತ್ತದೆ. ಲೋಹದ ಪಾತ್ರೆ ಇಲ್ಲ. ನೆಲದಲ್ಲಿ ಗುಂಡಿ ತೋಡಿ, ಹಸಿ ತೊಗಲನ್ನು ಒಳಗೆ ಹಾಸಿ, ನೀರು ತುಂಬಿ, ಪಕ್ಕದ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕಲ್ಲುಗಳನ್ನು ಒಂದೊಂದಾಗಿ ಅದರಲ್ಲಿ ಬಿಡುತ್ತ ಕುದಿ ಬರಿಸುವುದು. ಬಂಡೆಯ ಮರಳುಗಲ್ಲು ಪಕ್ಕದಲ್ಲೇ ರಾಶಿ ಬಿದ್ದಿದ್ದರೂ ಅದು ಇದಕ್ಕಾಗದು, ಕಾಯಿಸಿ ನೀರಿಗೆ ಹಾಕಿದರೆ ಪುಡಿಯಾಗಿ ಸಾರೆಲ್ಲ ಮರಳು. ಗಟ್ಟಿ ಕ್ವಾರ್ಟ್‌ಜೈಟ್ ಉರುಟುಕಲ್ಲುಗಳನ್ನು ದೂರದ ನದಿ ಪಾತ್ರದಿಂದ ಹೊತ್ತು ತರುತ್ತಿದ್ದರು. ಅವೂ ಕೆಲವು ಸಲ ಕಾದು ತಣಿದ ಮೇಲೆ ಬಿರಿಯುತ್ತವೆ, ಹೊಸವು ಬೇಕು. ಹೆಡ್-ಸ್ಮ್ಯಾಶ್ಡ್-ಇನ್‌ನ ಕೆಳಗಿನ ಬಯಲಿನಲ್ಲಿ ಹೀಗೆ ಒಡೆದ ಕಲ್ಲಿನ ಚೂರುಗಳು ಲೆಕ್ಕವಿಲ್ಲದಷ್ಟು ಹರಡಿವೆ. ಬಂಡೆಯ ಬುಡದ ಮೂಳೆಗಳಿಗಿಂತ ಈ ಚೂರುಗಳೇ ನನಗೆ ಹೆಚ್ಚು ಹೇಳುತ್ತವೆ. ಒಂದೊಂದನ್ನೂ ಯಾರೋ ಹೊತ್ತು ತಂದಿದ್ದಾರೆ. ಕಾಯಿಸಲು ಸೌದೆಯೂ ವಿರಳ, ಒಣಗಿದ ಬೈಸನ್ ಸಗಣಿಯೇ ಉರುವಲು. ನೀರು ತಣಿದಾಗ ಮೇಲೆ ಕಟ್ಟುವ ಬಿಳಿ ಕೊಬ್ಬನ್ನು ಕೆನೆಯಂತೆ ಎತ್ತುತ್ತಿದ್ದರು.

ಆಮೇಲೆ ಪೆಮಿಕನ್. ಒಣಮಾಂಸವನ್ನು ಬೆಂಕಿಯ ಮೇಲೆ ತುಸು ಬಾಡಿಸಿ, ಕಲ್ಲಿನ ಗುಂಡಿನಿಂದ ನಾರುನಾರಾಗಿ ಕುಟ್ಟಿ, ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಕರಗಿದ ಕೊಬ್ಬು ಸುರಿದು ಕಲಸುವುದು. ಜುಲೈನಲ್ಲಿ ಹಣ್ಣಾಗುವ ಸ್ಯಾಸ್ಕಟೂನ್ ಹಣ್ಣನ್ನೂ ಬೇಸಿಗೆಯ ಕೊನೆಗೆ ಬರುವ ಚೋಕ್‌ಚೆರಿಯನ್ನೂ ಒಣಗಿಸಿ ಸೇರಿಸುತ್ತಿದ್ದರು. ಹಸಿಹಣ್ಣು ಸೇರಿದರೆ ಇಡೀ ಚೀಲ ಬೂಷ್ಟು ಹಿಡಿಯುತ್ತದೆ. ಚೋಕ್‌ಚೆರಿಯ ಬೀಜದಲ್ಲಿ ಸಯನೈಡ್ ಬಿಡುವ ಅಂಶ ಇದೆ. ಅದನ್ನು ಬೀಜ ಸಮೇತ ಜಜ್ಜಿ, ಸಂಡಿಗೆ ಇಡುವ ಹಾಗೆ ಬಿಲ್ಲೆ ತಟ್ಟಿ ಬಿಸಿಲಿಗೆ ಒಣಗಿಸಿದರೆ ವಿಷ ಬಹುಮಟ್ಟಿಗೆ ಆರಿಹೋಗುತ್ತದೆ. ಪೆಮಿಕನ್ನನ್ನು ತೊಗಲಿನ ಚೀಲಕ್ಕೆ ತುಂಬಿ, ಒಳಗೆ ಗಾಳಿ ಉಳಿಯದಂತೆ ಅದುಮಿ ಚಪ್ಪಟೆ ಮಾಡಿ, ಹೊಲಿಗೆಯ ಮೇಲೆ ಕೊಬ್ಬು ಸವರಿದರೆ ವರ್ಷಗಟ್ಟಲೆ ಕೆಡದು. ತುಪ್ಪಳದ ವ್ಯಾಪಾರಕ್ಕೆಂದು ಬಂದ ಯುರೋಪಿನ ಕಂಪನಿಗಳ ದೋಣಿಗಳು ಓಡಿದ್ದೇ ಈ ಆಹಾರದ ಬಲದಿಂದ. ಅವರ ಒಂದು ಚೀಲದ ರೂಢಿಯ ತೂಕ 90 ಪೌಂಡ್. 1799ರಲ್ಲಿ ಕಟ್ಟಿದ ರಾಕಿ ಮೌಂಟನ್ ಹೌಸ್ ಕೋಟೆಗೆ ಪಿಕಾನಿಗಳು ವ್ಯಾಪಾರಕ್ಕೆ ಹೋಗುತ್ತಿದ್ದರು.

ಗುಡಾರದ ಮೇಲೆ ಬರೆದ ಪಂಚಾಂಗ

ಟೀಪಿ ಎಂಬ ಶಂಕುವಿನಾಕಾರದ ಗುಡಾರವೂ ಇದೇ ಹಿಂಡಿನಿಂದ ಬಂದದ್ದು. ಕೂದಲು ತೆಳುವಾಗಿರುವ ಬೇಸಿಗೆಯ ಹೆಣ್ಣು ಬೈಸನ್ ತೊಗಲೇ ಅದಕ್ಕೆ ಸರಿ, ಚಳಿಗಾಲದ ದಟ್ಟ ತೊಗಲು ಹೊದಿಕೆಗೆ. ನೆಲಕ್ಕೆ ಗೂಟ ಹೊಡೆದು ಬಿಗಿದು, ಒಳಮೈ ಹೆರೆದು, ಒಣಗಿಸಿ, ಮತ್ತೆ ತೆಳುವಾಗಿ ಕೆತ್ತಿ, ಮಿದುಳು, ಯಕೃತ್ತು, ಕೊಬ್ಬು ಕಲಸಿದ್ದನ್ನು ತಿಕ್ಕಿ ನೆನೆಸಿ, ಹಗ್ಗದ ಮೇಲೆ ಹಿಂದೆ ಮುಂದೆ ಎಳೆದು ಮೆದುಗೊಳಿಸುವುದು. ಮೆದುಗೊಳಿಸುವಾಗ ಮಧ್ಯೆ ನಿಲ್ಲಿಸಿದರೆ ತೊಗಲು ಹಲಗೆಯಾಗುತ್ತದೆ. ನಾಯಿಗಳೇ ಹೊರುತ್ತಿದ್ದ ಕಾಲದಲ್ಲಿ ಗುಡಾರಕ್ಕೆ ಆರೆಂಟು ತೊಗಲು. ಹದಿನೆಂಟನೆಯ ಶತಮಾನದಲ್ಲಿ ಕುದುರೆ ಬಂದ ಮೇಲೆ ಹನ್ನೆರಡು ಹದಿನಾಲ್ಕಕ್ಕೆ ಏರಿತು. ಹಲವು ಬಯಲು ಬುಡಕಟ್ಟುಗಳು ಮೂರು ಗಳು ಕಟ್ಟಿ ಮೊದಲ ಚೌಕಟ್ಟು ನಿಲ್ಲಿಸಿದರೆ ಬ್ಲ್ಯಾಕ್‌ಫುಟ್ ಜನರದು ನಾಲ್ಕು ಗಳುವಿನ ಪದ್ಧತಿ. ಬಾಗಿಲು ಪೂರ್ವಕ್ಕೆ, ಪಶ್ಚಿಮದ ಗಾಳಿಗೆ ಬೆನ್ನು. ಮೇಲೆ ಎರಡು ಕಿವಿಗಳಂಥ ಹೊಗೆಪಟ್ಟಿಗಳನ್ನು ಹೊರಗಿನ ಗಳುಗಳಿಂದ ಗಾಳಿ ನೋಡಿ ತಿರುಗಿಸದಿದ್ದರೆ ಹೊಗೆಯೆಲ್ಲ ಒಳಗೇ. ವರ್ಷಗಟ್ಟಲೆ ಹೊಗೆ ಕುಡಿದ ಮೇಲ್ತುದಿಯ ತೊಗಲು ನೆನೆದರೂ ಗಡುಸಾಗುವುದಿಲ್ಲ. ಗುಡಾರ ಹಳೆಯದಾದಾಗ ಆ ಭಾಗ ಪಾದರಕ್ಷೆಗೆ ಹೋಗುತ್ತಿತ್ತು.

ಬಣ್ಣ ಬಳಿದ ಟೀಪಿಗಳ ಬುಡದ ಪಟ್ಟಿಯಲ್ಲಿ ಬಿಳಿ ವೃತ್ತಗಳಿರುತ್ತವೆ, ಅವು ಉದುರಿದ ನಕ್ಷತ್ರಗಳು. ನಡುವೆ ಆ ವಿನ್ಯಾಸವನ್ನು ಕನಸಿನಲ್ಲಿ ಕೊಟ್ಟ ಪ್ರಾಣಿ. ತುದಿಯ ಕಪ್ಪು ಆಕಾಶದಲ್ಲಿ ಒಂದು ಹೊಗೆಪಟ್ಟಿಯ ಮೇಲೆ ಸಪ್ತರ್ಷಿ ಮಂಡಲ, ಇನ್ನೊಂದರ ಮೇಲೆ ಕೃತ್ತಿಕೆ. ವಿನ್ಯಾಸ ಯಾರು ಬೇಕಾದರೂ ಬರೆದುಕೊಳ್ಳುವಂಥದಲ್ಲ, ವಿಧಿಪೂರ್ವಕ ಒಬ್ಬರಿಂದ ಇನ್ನೊಬ್ಬರಿಗೆ ಹಸ್ತಾಂತರವಾಗಬೇಕು. ಕೃತ್ತಿಕೆಯ ಕಥೆ ಹೀಗಿದೆ. ವಸಂತದಲ್ಲಿ ಹುಟ್ಟಿದ ಬೈಸನ್ ಕರುಗಳ ಹೊಂಬಣ್ಣದ ತೊಗಲು ಮಕ್ಕಳಿಗೆ ಹೊದೆಯಲು ಸಿಗುತ್ತಿತ್ತು. ಬಡವರ ಮನೆಯ ಕೆಲವು ಮಕ್ಕಳಿಗೆ ಮಾತ್ರ ಯಾರೂ ತಂದುಕೊಡಲಿಲ್ಲ. ಅವಮಾನಗೊಂಡ ಅವರು ಆಕಾಶಕ್ಕೆ ಹೋಗಿ ನಕ್ಷತ್ರಗಳಾದರು. ಕರುಗಳು ಹೊಂಬಣ್ಣದಲ್ಲಿರುವಷ್ಟು ಕಾಲ ಅವರು ಮುಖ ತೋರಿಸುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿದ ಮೇಲೆ ರಾತ್ರಿಯಿಡೀ ಕಾಣುತ್ತಾರೆ. ಈ ಕಥೆಯ ಖಗೋಳ ಕರಾರುವಾಕ್ಕು. ಕರು ಹುಟ್ಟುವುದು ಏಪ್ರಿಲ್, ಮೇ ತಿಂಗಳಲ್ಲಿ. ಕೃತ್ತಿಕೆ ಸೂರ್ಯನ ಬೆಳಕಿನಲ್ಲಿ ಮರೆಯಾಗುವುದೂ ಆಗಲೇ. ಶರತ್ಕಾಲದಲ್ಲಿ ಕರು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹೆಣ್ಣುಗಳು ಕೊಬ್ಬಿರುತ್ತವೆ, ಕೃತ್ತಿಕೆ ಸಂಜೆಯೇ ಮೂಡುತ್ತದೆ. ಮೊಮ್ಮಕ್ಕಳಿಗೆ ಹೇಳುವ ಕಥೆಯಲ್ಲೇ ಬೇಟೆಯ ಪಂಚಾಂಗ ಕೂತಿದೆ.

ಹಿಂಡು ಹೋದದ್ದು, ಬಂದದ್ದು

ಸಾವಿರಾರು ವರ್ಷ ಬಂಡೆಯಿಂದ ಅಟ್ಟಿಯೂ ಮುಗಿಯದ ಹಿಂಡು ಹನ್ನೆರಡು ವರ್ಷಗಳಲ್ಲಿ ಮುಗಿಯಿತು. 1871ರ ಹೊತ್ತಿಗೆ ಬೈಸನ್ ತೊಗಲನ್ನು ಕಾರ್ಖಾನೆಯ ಯಂತ್ರಗಳ ಪಟ್ಟಿಗೆ ಹದಮಾಡುವ ವಿಧಾನ ಸಿಕ್ಕಿತು. ಆಮೇಲೆ ರೈಲು, ದೂರಕ್ಕೆ ಹೊಡೆಯುವ ಬಂದೂಕು. ತೊಗಲು ಮಾತ್ರ ಒಯ್ದು ಉಳಿದದ್ದನ್ನು ಕೊಳೆಯಲು ಬಿಡುವ ಬೇಟೆ. ಕೆನಡಾದ ಬಯಲಿನಲ್ಲಿ 1879ಕ್ಕೆ, ಮೊಂಟಾನಾದಲ್ಲಿ 1883ಕ್ಕೆ ಹಿಂಡು ಇಲ್ಲವಾಯಿತು. ಅಷ್ಟರಲ್ಲಿ 1837ರ ಸಿಡುಬು ಸಾವಿರಾರು ಜನರನ್ನು ಕೊಂದಿತ್ತು. 1870ರ ಜನವರಿ 23ರಂದು ಮೊಂಟಾನಾದ ಮರಾಯಸ್ ನದಿಯ ದಂಡೆಯಲ್ಲಿ, ಸಿಡುಬಿನಿಂದ ನರಳುತ್ತಿದ್ದ ಹೆವಿ ರನ್ನರ್ ಎಂಬ ಮುಖಂಡನ ಬೀಡಿನ ಮೇಲೆ ಅಮೆರಿಕದ ಸೇನೆ ಗುಂಡಿನ ಮಳೆಗರೆದಿತ್ತು. ಸೇನೆಯೇ ಒಪ್ಪಿಕೊಂಡ ಸಾವುಗಳು 173, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. 1877ರ ಸೆಪ್ಟೆಂಬರ್ 22ರಂದು ಬ್ಲ್ಯಾಕ್‌ಫುಟ್ ಕ್ರಾಸಿಂಗ್‌ನಲ್ಲಿ ಕ್ರೋಫುಟ್, ರೆಡ್ ಕ್ರೋ ಮುಂತಾದ ಮುಖಂಡರು ಕೆನಡಾ ಸರ್ಕಾರದ ಜೊತೆಗಿನ ಏಳನೆಯ ಒಪ್ಪಂದಕ್ಕೆ ಒಪ್ಪಿದಾಗ ಐದು ಜನರ ಕುಟುಂಬಕ್ಕೆ ಒಂದು ಚದರ ಮೈಲಿ ಎಂಬ ಲೆಕ್ಕದಲ್ಲಿ ಮೀಸಲು ಭೂಮಿ ನಿಗದಿಯಾಯಿತು. ಹಿಂಡನ್ನು ಹಿಂಬಾಲಿಸುವ ಬದುಕಿಗೆ ಆ ಅಳತೆ ಎಲ್ಲಿಂದ ಸಾಕು? 1883-84ರ ಚಳಿಗಾಲದಲ್ಲಿ ಸರ್ಕಾರದ ಪಡಿತರ ಸಾಲದೆ ಮೊಂಟಾನಾದಲ್ಲಿ ಸುಮಾರು 600 ಜನ ಹಸಿವಿನಿಂದ ಸತ್ತರು. ಇದನ್ನು ನೈಸರ್ಗಿಕ ಬರ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಂದೆ ಕೆನಡಾ 1895ರಲ್ಲಿ ಕಾನೂನು ತಿದ್ದಿ ಸೂರ್ಯನೃತ್ಯದ ವಿಧಿಗಳನ್ನೇ ಅಪರಾಧವಾಗಿಸಿತು. ಪವಿತ್ರ ವಸ್ತುಗಳ ಗಂಟುಗಳು ಒಂದೊಂದಾಗಿ ಮ್ಯೂಸಿಯಮ್ಮುಗಳನ್ನು ಸೇರಿದವು. ಆಲ್ಬರ್ಟಾ 2000ದಲ್ಲಿ ಕಾನೂನು ಮಾಡಿದ ಮೇಲೆ ಕ್ಯಾಲ್ಗರಿಯ ಗ್ಲೆನ್‌ಬೋ ಮ್ಯೂಸಿಯಂ 251 ವಸ್ತುಗಳನ್ನು ಹಿಂದಿರುಗಿಸಿತು.

ಹಿಂಡು ಪೂರ್ತಿ ಅಳಿಯದೆ ಉಳಿದದ್ದರಲ್ಲೂ ಸ್ಥಳೀಯ ಜನರ ಕೈಯಿದೆ. 1870ರ ದಶಕದಲ್ಲಿ ಮಿಲ್ಕ್ ನದಿಯ ಕಡೆಯಿಂದ ಪರ್ವತ ದಾಟಿಸಿ ತಂದ ಕೆಲವೇ ಕರುಗಳ ಸಂತಾನವನ್ನು ಮಿಶೆಲ್ ಪ್ಯಾಬ್ಲೊ, ಚಾರ್ಲ್ಸ್ ಅಲರ್ಡ್ ಎಂಬ ಇಬ್ಬರು ಕೊಂಡು ಬೆಳೆಸಿದರು. ಪ್ಯಾಬ್ಲೊನ ತಾಯಿ ಪಿಕಾನಿ. ಅಮೆರಿಕ ಸರ್ಕಾರ ಕೊಳ್ಳಲೊಪ್ಪದ ಆ ಹಿಂಡನ್ನು ಕೆನಡಾ ಕೊಂಡಿತು. 1907ರಿಂದ ರೈಲಿನಲ್ಲಿ ಸಾಗಿಸಿದ ಪ್ರಾಣಿಗಳಲ್ಲಿ ಕೆಲವು ಎಲ್ಕ್ ಐಲ್ಯಾಂಡ್ ರಾಷ್ಟ್ರೀಯ ಉದ್ಯಾನದಲ್ಲಿ ನೆಲೆ ನಿಂತವು. 2014ರ ಸೆಪ್ಟೆಂಬರಿನಲ್ಲಿ ಮೊಂಟಾನಾದ ಬ್ಲ್ಯಾಕ್‌ಫೀಟ್ (ದಕ್ಷಿಣದ ಪಿಕಾನಿಗಳಿಗೆ ಅಲ್ಲಿನ ಹೆಸರು) ನೆಲದಲ್ಲಿ ಗಡಿಯ ಎರಡೂ ಬದಿಯ ಬುಡಕಟ್ಟುಗಳು ಸೇರಿ ಬೈಸನ್ ಒಪ್ಪಂದಕ್ಕೆ ಸಹಿ ಹಾಕಿದವು. 2016ರ ಏಪ್ರಿಲ್‌ನಲ್ಲಿ ಎಲ್ಕ್ ಐಲ್ಯಾಂಡಿನಿಂದ 87 ಎಳೆಯ ಬೈಸನ್‌ಗಳು ಅಲ್ಲಿಗೆ ಬಂದಿಳಿದವು. ಈ ಹಿಂಡನ್ನೇ ಆರಿಸಲು ವಂಶದ ಜೊತೆಗೆ ಇನ್ನೊಂದು ಕಾರಣವಿತ್ತು. ಯೆಲ್ಲೋಸ್ಟೋನ್ ಉದ್ಯಾನದ ಬೈಸನ್‌ಗಳಲ್ಲಿ ದನಗಳಿಗೆ ಗರ್ಭಪಾತ ತರುವ ಬ್ರುಸೆಲ್ಲೋಸಿಸ್ ರೋಗವಿದೆ, ಪಕ್ಕದ ದನಗಾರರ ದೊಡ್ಡ ಆಕ್ಷೇಪ ಅದೇ. ಎಲ್ಕ್ ಐಲ್ಯಾಂಡಿನವು ರೋಗಮುಕ್ತ. 2023ರ ಜೂನ್‌ನಲ್ಲಿ ಅವುಗಳಲ್ಲಿ ಒಂದು ಗುಂಪನ್ನು ಚೀಫ್ ಮೌಂಟನ್ ಬುಡದಲ್ಲಿ ಬೇಲಿಯಿಂದಾಚೆ ಬಿಟ್ಟರು. ಅಲ್ಲಿಂದ ಪಶ್ಚಿಮಕ್ಕೆ ಗ್ಲೇಸಿಯರ್ ಉದ್ಯಾನ, ಉತ್ತರಕ್ಕೆ ಗಡಿ, ಗಡಿಯಾಚೆ ವಾಟರ್ಟನ್ ಉದ್ಯಾನ ಮತ್ತು ಕೈನಾಯ್ ಜನರ ಭೂಮಿ. ಹಿಂಡು ಎತ್ತ ಹೋಗಬೇಕೆಂಬುದನ್ನು ಹಿಂಡೇ ತೀರ್ಮಾನಿಸಲಿ ಎಂಬುದು ಈಗಿನ ಯೋಜನೆ.